ಬೆವರಿನ ವಾಸನೆ: ತಡೆಯಬೇಕೋ, ತೊಳೆಯಬೇಕೋ?

ಬಚ್ಚಲುಮನೆಯ ಗೂಡಿನಲ್ಲಿ ಸಾಬೂನು, ಸೀಗೆಪುಡಿಗಳ ಪಕ್ಕದಲ್ಲಿ ಕಂಕುಳಿಗೆ ಹಚ್ಚುವ ಡಿಯೋಡರೆಂಟಿನ ಡಬ್ಬಿಯೂ ಈಗ ಅನೇಕ ಮನೆಗಳಲ್ಲಿ ಸ್ಥಾನ ಪಡೆದಿದೆ. ಇತ್ತೀಚೆಗೆ ಅದನ್ನು ತೆಗೆದಿರಿಸಿ, ‘ನೈಸರ್ಗಿಕ’ವೆಂಬ ಹೆಸರು ಹೊತ್ತ ಇನ್ನೊಂದನ್ನು ತರುವವರೂ ಇದ್ದಾರೆ. ಅವರಲ್ಲಿ ಕೆಲವರು ಕೆಲವೇ ದಿನಗಳಲ್ಲಿ ವಾಸನೆಗೆ ಅಂಜಿಯೋ, ಚರ್ಮದ ಉರಿಗೆ ಬೇಸತ್ತೋ ಹಳೆಯದಕ್ಕೇ ಮರಳುತ್ತಾರೆ. ಹರೆಯದ ಮಕ್ಕಳಂತೂ ತಮ್ಮ ದೇಹದಲ್ಲಿಯೇ ಏನೋ ದೋಷವಿದೆಯೆಂದು ಒಳಗೊಳಗೇ ಕೊರಗುತ್ತಾರೆ. ಆದುದರಿಂದ ಈ ವಿಷಯವನ್ನು ಸಂಕೋಚವಿಲ್ಲದೆ ವಿಚಾರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಮನುಷ್ಯನ ಚರ್ಮದಲ್ಲಿ ಎರಡು ಮುಖ್ಯ ಬಗೆಯ ಬೆವರುಗ್ರಂಥಿಗಳಿವೆ. ಮೊದಲನೆಯವು ಮೈತುಂಬ ಹರಡಿದ್ದು, ಅವುಗಳ ಸಂಖ್ಯೆ 20 ರಿಂದ 40 ಲಕ್ಷ. ಅವು ಸ್ರವಿಸುವುದು ಬಹುಮಟ್ಟಿಗೆ ನೀರು ಮತ್ತು ಉಪ್ಪು. ಆ ನೀರು ಆರುವಾಗ ಮೈ ತಂಪಾಗುತ್ತದೆ. ಎರಡನೆಯವು ಕಂಕುಳು, ತೊಡೆಸಂದು ಮೊದಲಾದೆಡೆ ಇದ್ದು, ಹರೆಯ ಬಂದಾಗ ಎಚ್ಚರಗೊಳ್ಳುತ್ತವೆ. ಅವುಗಳ ಸ್ರಾವದಲ್ಲಿ ಕೊಬ್ಬು, ಪ್ರೋಟೀನುಗಳಿರುತ್ತವೆ. ಹೊಸದಾಗಿ ಹೊರಬಂದ ಈ ಸ್ರಾವಕ್ಕೂ ವಾಸನೆಯೆಂಬುದು ಇಲ್ಲವೆನ್ನಬಹುದು. ಚರ್ಮದ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಮಾತ್ರ ದುರ್ಗಂಧ ಹುಟ್ಟುತ್ತದೆ.

ಹೀಗಿರುವಲ್ಲಿ ಪರಿಹಾರಗಳೂ ಎರಡು ಬಗೆಯವು. ಡಿಯೋಡರೆಂಟು ಬೆವರನ್ನು ನಿಲ್ಲಿಸುವುದಿಲ್ಲ. ಬ್ಯಾಕ್ಟೀರಿಯಾಗಳನ್ನು ತಗ್ಗಿಸುತ್ತದೆ, ಇಲ್ಲವೆ ಪರಿಮಳದಿಂದ ವಾಸನೆಯನ್ನು ಮುಚ್ಚುತ್ತದೆ. ಆಂಟಿಪರ್ಸ್ಪಿರಂಟ್ ಎಂಬುದಾದರೋ ಅಲ್ಯೂಮಿನಿಯಂ ಲವಣಗಳಿಂದ ಬೆವರಿನ ನಾಳದ ಬಾಯಿಗೆ ತಾತ್ಕಾಲಿಕವಾಗಿ ಬಿರಡೆ ಹಾಕುತ್ತದೆ. 1888 ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ‘ಮಮ್’ ಎಂಬ ಡಿಯೋಡರೆಂಟೂ, 1903 ರಲ್ಲಿ ‘ಎವರ್‌ಡ್ರೈ’ ಎಂಬ ಆಂಟಿಪರ್ಸ್ಪಿರಂಟೂ ಹೊರಬಂದವು. ಜನರು ಮೊದಲು ಇವನ್ನು ಅಷ್ಟಾಗಿ ಬಯಸಿರಲಿಲ್ಲ. 1919 ರಲ್ಲಿ ‘ಓಡೊರೊನೊ’ ಎಂಬ ಸರಕಿನ ಜಾಹೀರಾತೊಂದು, ಹೆಣ್ಣಿನ ಕಂಕುಳಿನ ವಾಸನೆ ಅವಳಿಗೇ ತಿಳಿಯದೆ ಇತರರನ್ನು ದೂರ ಸರಿಸುತ್ತದೆಂಬ ಭಯವನ್ನು ಬಿತ್ತಿತು. ಅದನ್ನು ಪ್ರಕಟಿಸಿದ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆಯ ಸುಮಾರು 200 ಓದುಗರು ಸಿಟ್ಟಿನಿಂದ ಚಂದಾ ನಿಲ್ಲಿಸಿದರಂತೆ. ಆದರೆ ಸರಕಿನ ಮಾರಾಟ ಏರಿತು. ನಾಚಿಕೆಯನ್ನು ಮಾರಿದರೆ ಔಷಧವೂ ತಾನಾಗಿ ಮಾರಾಟವಾಗುತ್ತದೆ.

ಇಂದು ಅದೇ ಭಯ ವೇಷ ಬದಲಿಸಿದೆ. ಆಂಟಿಪರ್ಸ್ಪಿರಂಟ್ ಹಚ್ಚಿದರೆ ಸ್ತನ ಕ್ಯಾನ್ಸರ್ ಬರುತ್ತದೆಂಬ ಮಾತು ಮನೆಮನೆಗೂ ತಲುಪಿದೆ. ಇದುವರೆಗಿನ ಸಂಶೋಧನೆಗಳು ಅಂತಹ ಸಂಬಂಧವನ್ನು ಸಿದ್ಧಪಡಿಸಿಲ್ಲ. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ಬಳಸುವ ಮುನ್ನ ವೈದ್ಯರನ್ನು ಕೇಳಬೇಕೆಂಬ ಎಚ್ಚರಿಕೆಯನ್ನು ಅಮೆರಿಕದಲ್ಲಿ ಡಬ್ಬಿಯ ಮೇಲೆ ಕಡ್ಡಾಯವಾಗಿ ಮುದ್ರಿಸಲಾಗುತ್ತದೆ. ಚರ್ಮ ತುರಿಸುವುದು, ಬಿಳಿಯ ಬಟ್ಟೆಯ ಕಂಕುಳಲ್ಲಿ ಹಳದಿ ಕಲೆ ಉಳಿಯುವುದು, ಇವು ಬದಲಾವಣೆಗೆ ಸಾಕಷ್ಟು ಕಾರಣಗಳೇ. ಭಯ ಕಾರಣವಾಗಬೇಕಿಲ್ಲ.

ಬದಲಾಯಿಸುವವರು ಮೂರು ಸಂಗತಿಗಳನ್ನು ಮನದಲ್ಲಿಟ್ಟುಕೊಳ್ಳಬೇಕು. ಮೊದಲನೆಯದು, ಆರಂಭದ ದಿನಗಳ ವಾಸನೆ. ಅಮೆರಿಕದ ವಿಜ್ಞಾನಿಗಳು 2016 ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಂಟಿಪರ್ಸ್ಪಿರಂಟ್ ನಿಲ್ಲಿಸಿದವರ ಕಂಕುಳಲ್ಲಿ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚಿದ್ದು ಕಂಡುಬಂದಿತು. ಬೆವರೂ ಮತ್ತೆ ಹರಿಯತೊಡಗುವುದರಿಂದ ವಾಸನೆ ಹೆಚ್ಚಿದಂತೆ ತೋರುವುದು ಸಹಜ. ದೇಹದ ವಿಷ ಹೊರಬರುತ್ತಿದೆಯೆಂಬ ವಿವರಣೆಗೆ ಆಧಾರವಿಲ್ಲ; ಆ ಕೆಲಸ ಮುಖ್ಯವಾಗಿ ಯಕೃತ್ತು, ಮೂತ್ರಪಿಂಡಗಳದ್ದು.

ಎರಡನೆಯದು ಅಡುಗೆ ಸೋಡಾ. ಅನೇಕ ನೈಸರ್ಗಿಕ ಡಿಯೋಡರೆಂಟುಗಳಲ್ಲಿ ಇದೇ ಮುಖ್ಯ ದ್ರವ್ಯ. ಚರ್ಮದ ಸಹಜ ಗುಣ ತುಸು ಆಮ್ಲೀಯ, ಸೋಡಾ ಕ್ಷಾರ. ಈ ವೈರುಧ್ಯದಿಂದ ಕೆಲವರಿಗೆ ಕೆಂಪು ದದ್ದು, ಉರಿ ಕಾಣಿಸುತ್ತವೆ. ಗಿಡಮೂಲಿಕೆಯ ಸುಗಂಧತೈಲಗಳೂ ಕೆಲವರಿಗೆ ಒಗ್ಗುವುದಿಲ್ಲ. ನೈಸರ್ಗಿಕವೆಂದ ಮಾತ್ರಕ್ಕೆ ನಿರುಪದ್ರವಿಯೆಂದು ತಿಳಿಯಲಾಗದು.

ಮೂರನೆಯದು ಪಟಿಕ. ಕ್ಷೌರದ ಬಳಿಕ ಗಲ್ಲಕ್ಕೆ ಉಜ್ಜುವ ಪಟಿಕದ ಹರಳನ್ನೇ ‘ಅಲ್ಯೂಮಿನಿಯಂ ಇಲ್ಲದ್ದು’ ಎಂದು ಮಾರುವುದುಂಟು. ವಾಸ್ತವವಾಗಿ ಅದು ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್. ಅಲ್ಯೂಮಿನಿಯಂ ಬೇಡವೆಂದೇ ಬದಲಾಯಿಸುವವರು ಹೆಸರನ್ನು ನಂಬದೆ, ಡಬ್ಬಿಯ ಹಿಂಭಾಗದ ಪಟ್ಟಿಯನ್ನು ಓದಬೇಕು.

ಇನ್ನು ಆಚರಣೆಯ ಮಾತು. ಹೊಸ ದ್ರವ್ಯವನ್ನು ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಕೆಲವು ದಿನ ಹಚ್ಚಿ ಪರೀಕ್ಷಿಸಿರಿ. ಕೂದಲು ತೆಗೆದ ಕೂಡಲೇ ಹಚ್ಚಬೇಡಿರಿ. ದಿನವೂ ಕಂಕುಳನ್ನು ಸಾಬೂನಿನಿಂದ ತೊಳೆದು, ಪೂರ್ಣ ಒರೆಸಿ ಒಣಗಿಸಿರಿ. ತೇವವಿದ್ದಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಪಾಲಿಯೆಸ್ಟರ್ ಬಟ್ಟೆ ವಾಸನೆಯನ್ನು ಹಿಡಿದಿಡುತ್ತದೆ. ಸೆಕೆಗಾಲಕ್ಕೆ ಹತ್ತಿಯದೇ ಮೇಲು. ಉರಿ ಕಂಡೊಡನೆ ನಿಲ್ಲಿಸಿರಿ. ಸುಮ್ಮನೆ ಕುಳಿತಾಗಲೂ ಬಟ್ಟೆ ತೊಯ್ಯುವಷ್ಟು ಬೆವರುವವರು, ರಾತ್ರಿ ಬೆವರಿ ತೂಕ ಇಳಿಯುತ್ತಿರುವವರು ಡಬ್ಬಿ ಬದಲಾಯಿಸುತ್ತ ಕಾಲಹರಣ ಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ತಾಯಂದಿರಲ್ಲಿಯೂ ತಂದೆಯರಲ್ಲಿಯೂ ನಮ್ಮ ವಿನಂತಿಯೊಂದಿದೆ. ಮಗನಿಗೋ ಮಗಳಿಗೋ ಹರೆಯ ಬರುವ ವೇಳೆಗೆ ಈ ವಿಷಯವನ್ನು ಮೆಲುದನಿಯಲ್ಲಿ ತಿಳಿಸಿ ಹೇಳಿರಿ. ಮನೆಯಲ್ಲಿ ಯಾರೂ ಹೇಳದಿದ್ದರೆ, ತರಗತಿಯಲ್ಲಿ ಯಾರೋ ಮೂಗು ಮುಚ್ಚಿಕೊಂಡು ಹೇಳುತ್ತಾರೆ. ಆ ಗಾಯಕ್ಕೆ ಯಾವ ಡಬ್ಬಿಯಲ್ಲಿಯೂ ಮದ್ದಿಲ್ಲ.