ನೂರು ಮೀಟರಿಗೆ ಎಪ್ಪತ್ತು: ಗುಂಡಿಗೆ ಗಾಳಿ ಒಡ್ಡುವ ತಡೆಯ ಲೆಕ್ಕ

9.5 ಗ್ರಾಂ ತೂಕ, 7.82 ಮಿ.ಮೀ. ವ್ಯಾಸದ ರೈಫಲ್ ಗುಂಡೊಂದು ಸೆಕೆಂಡಿಗೆ 850 ಮೀಟರ್ ವೇಗದಲ್ಲಿ ಹೊರಟಿತು ಎನ್ನಿ. 100 ಮೀಟರ್ ದಾಟುವಷ್ಟರಲ್ಲಿ ವೇಗ 780ಕ್ಕೆ ಇಳಿದಿದೆ. ಗಾಳಿ ನುಂಗಿದ ಈ 70 ಪರೀಕ್ಷಕರ ಕೈಗೆ ಸಿಗುವ ಬಂಡವಾಳ. ಗಾಳಿಯ ಸಾಂದ್ರತೆಯನ್ನು ಘನ ಮೀಟರಿಗೆ 1.225 ಕಿಲೊ ಎಂದು ಹಿಡಿದರೆ ಗಾಳಿಯ ತಡೆಯನ್ನು ಸೂಚಿಸುವ ಅಂಕಿ, ಅಂದರೆ ಡ್ರ್ಯಾಗ್ ಗುಣಾಂಕ, ಸುಮಾರು 0.28 ಬರುತ್ತದೆ.

ಎರಡನೇ ವೇಗವನ್ನು ಓದುವಾಗ ಸೆಕೆಂಡಿಗೆ 1 ಮೀಟರ್ ತಪ್ಪಿದರೆ ಉತ್ತರ ಶೇ 1.5ರಷ್ಟು ಜರುಗುತ್ತದೆ. ಅಳತೆಯ ಅಂತರ ಬರೀ 10 ಮೀಟರ್ ಆಗಿದ್ದರೆ? ಅಲ್ಲಿ ಇಳಿಯುವ ವೇಗವೇ 7. ಅಷ್ಟೇ ತಪ್ಪು ಈಗ ಶೇ 14 ಆಗುತ್ತದೆ. ಅದನ್ನು ಮತ್ತೆ ಶೇ 1.5ಕ್ಕೆ ತರಲು ಸುಮಾರು 85 ಗುಂಡು ಹಾರಿಸಿ ಸರಾಸರಿ ತೆಗೆಯಬೇಕು. ಅದೂ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುತ್ತಿದ್ದರೆ ಮಾತ್ರ. ವೇಗ ಅಳೆಯುವ ಗಡಿಯಾರವೇ ಒಂದು ಕಡೆಗೆ ವಾಲಿದ್ದರೆ ಸಾವಿರ ಗುಂಡು ಸುಟ್ಟರೂ ಅಷ್ಟೆ.

ಈ ಲೆಕ್ಕಕ್ಕೆ ತಳಪಾಯ ಹಾಕಿದ್ದು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್, 1742ರಲ್ಲಿ. ತೂಗುಹಾಕಿದ ಹಲಗೆಗೆ ಬೇರೆ ಬೇರೆ ದೂರದಿಂದ ಗುಂಡು ಹೊಡೆದು, ಹಲಗೆ ಎಷ್ಟು ಹಿಂದಕ್ಕೆ ತೂಗಿತೆಂದು ನೋಡಿ ವೇಗ ಕಂಡುಕೊಂಡ. ಮುಕ್ಕಾಲು ಇಂಚಿನ ಸೀಸದ ಗುಂಡಿಗೆ, ಸೆಕೆಂಡಿಗೆ ಸುಮಾರು 1,670 ಅಡಿ ವೇಗದಲ್ಲಿ, ಗಾಳಿಯ ತಡೆ 10 ಪೌಂಡ್ ಎಂದ. ಅಂದರೆ ಗುಂಡಿನ ತೂಕದ 120 ಪಟ್ಟು! ಗಾಳಿಯ ತಡೆಯನ್ನು ಲೆಕ್ಕಕ್ಕೇ ಇಡದಿದ್ದ ಅಂದಿನ ತೋಪಿನವರಿಗೆ ಇದು ನಂಬಲಾಗದ ಮಾತು. ಅವನ ಅಂಕಿಗಳನ್ನು ಇಂದಿನ ಸೂತ್ರಕ್ಕೆ ಹಾಕಿದರೆ ಗುಣಾಂಕ 0.98 ಬರುತ್ತದೆ. ಶಬ್ದದ ಒಂದೂವರೆ ಪಟ್ಟು ವೇಗದ ದುಂಡನೆಯ ಗುಂಡಿಗೆ ಆಧುನಿಕ ಅಳತೆಯೂ 1ರ ಆಸುಪಾಸಿನಲ್ಲೇ ಇದೆ. ಮರದ ಹಲಗೆಯಿಂದ ಇಷ್ಟು ತೆಗೆದವನಿಗೆ ಶಹಬ್ಬಾಸ್ ಎನ್ನದೆ ವಿಧಿಯಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕೆಂದು ಭಾರತಕ್ಕೆ ಬಂದ ರಾಬಿನ್ಸ್ 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಹಲಗೆಯ ಕಾಲ ಕಳೆದ ಮೇಲೆ, ಅಮೆರಿಕದ ಅಬರ್ಡೀನ್ ಸೇನಾ ಪರೀಕ್ಷಾ ಕೇಂದ್ರದಲ್ಲಿ 1943ರಲ್ಲಿ ಹಾರುವ ಗುಂಡಿನ ಕಿಡಿ ಬೆಳಕಿನ ಫೋಟೊ ಬಳಕೆಗೆ ಬಂತು. 850 ಮೀಟರ್ ವೇಗದ ಗುಂಡು ಸೆಕೆಂಡಿನ ದಶಲಕ್ಷದ ಒಂದು ಭಾಗದಲ್ಲಿ 0.85 ಮಿ.ಮೀ. ಸರಿಯುತ್ತದೆ, ಕಿಡಿ ಅದಕ್ಕಿಂತ ನಿಧಾನವಾದರೆ ಚಿತ್ರ ಮಸುಕು. ಎರಡು ದಿಕ್ಕಿನಿಂದ ತೆಗೆದ ನೆರಳುಗಳಲ್ಲಿ ಮೂತಿಯ ಓಲಾಟವೂ ಸಿಗುತ್ತದೆ. ಓಲಾಟದ ಕೋನ ದುಪ್ಪಟ್ಟಾದರೆ ಅದರಿಂದ ಬರುವ ಹೆಚ್ಚುವರಿ ತಡೆ ನಾಲ್ಕು ಪಟ್ಟು. ಇದನ್ನು ಕಳೆಯದೆ ಕೊಟ್ಟ ಗುಣಾಂಕ ಗುಂಡಿನ ಆಕಾರದ್ದಲ್ಲ, ಆ ದಿನದ ಹಾರಾಟದ್ದು.

ಈಗ ಡಾಪ್ಲರ್ ರಾಡಾರ್ ಇದೆ. 10.5 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 1 ಮೀಟರ್ ವೇಗಕ್ಕೆ ಮರಳಿ ಬರುವ ಅಲೆಯ ಆವರ್ತನದಲ್ಲಿ 70 ಹರ್ಟ್ಸ್ ವ್ಯತ್ಯಾಸ. ಶೆಲ್ಲನ್ನು ಕಿಲೋಮೀಟರುಗಟ್ಟಲೆ ಹಿಂಬಾಲಿಸಬಹುದು. ಆದರೂ ಥರ್ಮಾಮೀಟರ್ 3 ಡಿಗ್ರಿ ತಪ್ಪಿದರೆ ಸಾಂದ್ರತೆಯ ಲೆಕ್ಕ ಶೇ 1ರಷ್ಟು ತಪ್ಪುತ್ತದೆ, ಗುಣಾಂಕವೂ ಅಷ್ಟೇ.

ಗುಂಡು ತಯಾರಿಸುವ ಕಂಪನಿಯ ಕೈಪಿಡಿಯಲ್ಲಿ ಗುಣಾಂಕ ಕಂಡರೆ ಮೂರು ಪ್ರಶ್ನೆ ಕೇಳಿ: ಎಷ್ಟು ದೂರದಲ್ಲಿ ಅಳೆದದ್ದು, ಯಾವ ವೇಗದಲ್ಲಿ, ಆ ಹೊತ್ತಿನ ಗಾಳಿಯ ಸಾಂದ್ರತೆ ಎಷ್ಟು? ಉತ್ತರವಿಲ್ಲದಿದ್ದರೆ ಆ ಅಂಕಿಯನ್ನು ನಂಬಬೇಡಿ.