ಊರಿನ ಆರೋಗ್ಯಕ್ಕೊಂದು ಮುಕ್ತನಿಧಿ

ಒಬ್ಬೊಬ್ಬರ ದೇಹಪ್ರಕೃತಿ ಒಂದೊಂದು ಬಗೆಯಾದರೂ ಊರಿಗೆ ಊರೇ ಏಕಕಾಲದಲ್ಲಿ ಹಾಸಿಗೆ ಹಿಡಿಯುವುದೇಕೆ? ವಾಯು, ಜಲ, ದೇಶ, ಕಾಲಗಳು ಕೆಡುವುದರಿಂದ ಎಂದು ಚರಕಸಂಹಿತೆಯ ವಿಮಾನಸ್ಥಾನವು ಉತ್ತರಿಸುತ್ತದೆ. ಇಂತಹ ವ್ಯಾಧಿಗೆ ಮನೆಯ ಕಷಾಯವೊಂದೇ ಸಾಲದು. ಊರೆಲ್ಲ ಕೂಡಿ ಮಾಡಬೇಕಾದ ಚಿಕಿತ್ಸೆಯೂ ಉಂಟು.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತನಿಧಿಯನ್ನು ಗೊತ್ತುಪಡಿಸಿತು. ಚರಂಡಿ ಶುಚಿಗೊಳಿಸಲು, ಸೊಳ್ಳೆ ನಿಯಂತ್ರಿಸಲು, ಬಡರೋಗಿಯನ್ನು ತುರ್ತಾಗಿ ಆಸ್ಪತ್ರೆಗೆ ಸಾಗಿಸಲು ಇದನ್ನು ಬಳಸಬಹುದು. ತಿಂಗಳಿಗೆ ಭಾಗಿಸಿದರೆ ಸುಮಾರು 833 ರೂಪಾಯಿ, ಅಲ್ಪವೇ ಸರಿ. ಆದರೆ ಹೊಳಲ್ಕೆರೆಯ ಹಳ್ಳಿಯೊಂದರಿಂದ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ನಡುರಾತ್ರಿ ಹೊರಡಬೇಕಾದ ಬಡಗರ್ಭಿಣಿಗೆ ವಾಹನದ ಬಾಡಿಗೆಯೇ ದೊಡ್ಡ ಮೊತ್ತ.

ಈ ಹಣವನ್ನು ಆಶಾ ಕಾರ್ಯಕರ್ತೆಯ ಸಂಬಳವೆಂದು ತಪ್ಪಾಗಿ ತಿಳಿದು ಆಕೆಯನ್ನು ಶಂಕಿಸುವುದು ಸಲ್ಲದು. ಮಾರ್ಗಸೂಚಿಯಂತೆ ಸಮಿತಿಯ ಖಾತೆಗೆ ಜಂಟಿ ಸಹಿ ಬೇಕು; ಲೆಕ್ಕವು ಗ್ರಾಮಸಭೆಯ ಮುಂದೆ ಬರಬೇಕು. ಆಕೆಗೆ ದೊರೆಯುವುದು ಗೌರವಧನ ಮತ್ತು ಪ್ರೋತ್ಸಾಹಧನ ಮಾತ್ರ. ಅದರ ಹೆಚ್ಚಳಕ್ಕಾಗಿಯೇ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು.

ಹಿರಿಯೂರು, ಹೊಸದುರ್ಗ ಸೀಮೆಯ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ಎಷ್ಟು ಹಣ ಬಂದಿತು, ಯಾವುದಕ್ಕೆ ವೆಚ್ಚವಾಯಿತು, ಎಷ್ಟು ಉಳಿದಿದೆ ಎಂದು ವಿನಯದಿಂದಲೇ ಕೇಳಿರಿ. ಉಳಿದಿದ್ದರೆ ಮಳೆಗಾಲಕ್ಕೆ ಮುನ್ನವೇ ಚರಂಡಿಯ ಕೆಲಸ ಹಿಡಿಯಿರಿ. ಆ ದಿನ ಆಶಾ ಕಾರ್ಯಕರ್ತೆಯೊಡನೆ ಮನೆಗೊಬ್ಬರಂತೆ ಕೈಜೋಡಿಸಿರಿ.