ಡಯಾಲಿಸಿಸ್ ಘಟಕದ ಹೊಸ ಶುಶ್ರೂಷಕಿ ಕಲಿಯುವುದೇನು?

(ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ)

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಘೋಷಣೆಯಾಯಿತು. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇಂದು ಈ ಸೇವೆಯಿದ್ದು, ನಮ್ಮ ಗ್ರಾಮಗಳ ರೋಗಿಗಳು ವಾರಕ್ಕೆ ಎರಡು ಅಥವಾ ಮೂರು ಬಾರಿ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಹೊಸದಾಗಿ ಸೇರಿದ ಶುಶ್ರೂಷಕಿಯ ಕೆಲಸವನ್ನು ಅರಿತರೆ, ಅದರಲ್ಲಿ ಪಂಚಾಯತಿಯ ಪಾಲೂ ಇರುವುದು ಸದಸ್ಯರಿಗೆ ತಿಳಿಯುತ್ತದೆ.

ಹೊಸಬಳ ಕೈಗೆ ಮೊದಲ ದಿನವೇ ಸೂಜಿ ಕೊಡುವುದಿಲ್ಲ. ಹಿರಿಯರ ಜೊತೆ ನಿಂತು ಆಕೆ ಮೊದಲು ಕಲಿಯುವುದು ರೋಗಿಯ ತೂಕ ನೋಡುವುದನ್ನು. ಮೂತ್ರಪಿಂಡ ಕೆಲಸ ಮಾಡದವರಲ್ಲಿ ಕುಡಿದ ನೀರು ದೇಹದಲ್ಲಿಯೇ ಉಳಿಯುತ್ತದೆ. ಹೆಚ್ಚಾದ ಒಂದು ಕಿಲೋ ತೂಕವೆಂದರೆ ಸುಮಾರು ಒಂದು ಲೀಟರ್ ನೀರು. ಆ ಲೆಕ್ಕದಂತೆ ಯಂತ್ರವು ನಾಲ್ಕು ಗಂಟೆಗಳಲ್ಲಿ ನೀರನ್ನು ತೆಗೆಯುತ್ತದೆ. ಹೊದ್ದ ಕಂಬಳಿ, ಹೆಗಲ ಚೀಲ ಸಹಿತ ತೂಗಿದರೆ ಯಂತ್ರವು ಇಲ್ಲದ ನೀರನ್ನು ತೆಗೆಯಲು ಹೊರಡುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಕಾಲಿನ ಸ್ನಾಯುಗಳು ಸೆಳೆದುಕೊಳ್ಳುತ್ತವೆ. ಜಾತ್ರೆಯ ಊಟ ಮುಗಿಸಿ ಬಂದವರ ತೂಕವನ್ನು ನೋಡಿ ಆಕೆ ಬೈಯುವುದು ಕೋಪದಿಂದಲ್ಲ.

ಎರಡನೆಯದು ಫಿಸ್ಟುಲಾ. ಶಸ್ತ್ರಚಿಕಿತ್ಸೆಯಿಂದ ತೋಳಿನ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿರುತ್ತಾರೆ. ಅದರ ಮೇಲೆ ಬೆರಳಿಟ್ಟರೆ, ಓಡುತ್ತಿರುವ ಮೋಟಾರಿನ ಪೈಪನ್ನು ಮುಟ್ಟಿದಂತೆ ಸಣ್ಣ ಕಂಪನ ತಿಳಿಯುತ್ತದೆ. ಕಂಪನವಿಲ್ಲವೆಂದರೆ ರಕ್ತ ಹೆಪ್ಪುಗಟ್ಟಿರಬಹುದು. ಕೂಡಲೇ ವೈದ್ಯರಿಗೆ ತಿಳಿಸಬೇಕು. ಆ ಕೈಯಲ್ಲಿ ರಕ್ತದೊತ್ತಡ ಅಳೆಯಬಾರದು, ಪರೀಕ್ಷೆಗೆ ರಕ್ತ ತೆಗೆಯಬಾರದು. ನಾವು ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ ಸಾಲು ಬೇಗ ಸಾಗಲೆಂದು ಸಿಕ್ಕ ಕೈಗೇ ಪಟ್ಟಿ ಕಟ್ಟುವುದುಂಟು. ಡಯಾಲಿಸಿಸ್ ರೋಗಿಗಳನ್ನು ಮೊದಲೇ ಕೇಳಿ ಗುರುತಿಸುವಂತೆ ಶಿಬಿರದವರಿಗೆ ಸೂಚಿಸತಕ್ಕದ್ದು.

ಇಂಜಿನಿಯರಿಂಗ್ ಓದಿದ ನನಗೆ ಈ ಘಟಕದಲ್ಲಿ ಅತ್ಯಂತ ಗಂಭೀರವಾಗಿ ಕಾಣುವುದು ನೀರಿನ ಕೊಠಡಿ. ಡಯಾಲಿಸಿಸ್ ದ್ರಾವಣವು ಸಾಮಾನ್ಯವಾಗಿ ನಿಮಿಷಕ್ಕೆ 500 ಮಿ.ಲೀ. ಹರಿಯುವುದರಿಂದ ಒಬ್ಬ ರೋಗಿಗೆ ಒಂದು ಸರದಿಯಲ್ಲಿ ಸುಮಾರು 120 ಲೀಟರ್ ಬೇಕು. ಈ ದ್ರಾವಣಕ್ಕೂ ರಕ್ತಕ್ಕೂ ನಡುವೆ ಇರುವುದು ತೆಳುವಾದ ಪೊರೆ ಮಾತ್ರ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಕ್ಲೋರಿನ್ ಉಳಿದಿರಬೇಕೆಂದು ನಾವು ಒತ್ತಾಯಿಸುತ್ತೇವೆ, ಅದು ಸರಿಯೇ. ಅದೇ ಕ್ಲೋರಿನ್ ಡಯಾಲಿಸಿಸ್ ನೀರಿನಲ್ಲಿ ಉಳಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಅದನ್ನು ತಡೆಯುವುದು ಇಂಗಾಲದ ಶೋಧಕ. ಆರ್‌ಓ ಪೊರೆಯೊಂದನ್ನೇ ನಂಬುವಂತಿಲ್ಲ. ಆದುದರಿಂದ ಸರದಿ ಆರಂಭಿಸುವ ಮುನ್ನ ಕ್ಲೋರಿನ್ ಪರೀಕ್ಷೆ ನಡೆದಿದೆಯೇ ಎಂದು ನೋಡುವ ಅಭ್ಯಾಸವನ್ನು ಹೊಸ ಶುಶ್ರೂಷಕಿಗೂ ಕಲಿಸಬೇಕು. ವಾಂತಿಭೇದಿ ಕಾಣಿಸಿಕೊಂಡಾಗ ಬ್ಲೀಚಿಂಗ್ ಪೌಡರ್ ಪ್ರಮಾಣವನ್ನು ಹೆಚ್ಚಿಸುವ ಪಂಚಾಯತಿಯ ಮೂಲದಿಂದ ಆಸ್ಪತ್ರೆಗೆ ಟ್ಯಾಂಕರ್ ನೀರು ಹೋಗುತ್ತಿದ್ದಲ್ಲಿ, ಅಂದೇ ಘಟಕಕ್ಕೆ ತಿಳಿಸುವುದು ಅವಶ್ಯಕ.

ಸರದಿ ತಪ್ಪಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ನಿಲ್ಲಬಹುದು. ಬಾರದ ರೋಗಿಗೆ ಘಟಕದಿಂದ ಕರೆ ಮಾಡಿದಾಗ ಫೋನ್ ಸ್ವಿಚ್ ಆಫ್ ಆಗಿದ್ದರೆ, ಮನೆಗೆ ಹೋಗಿ ನೋಡಿಬರಲು ವಾರ್ಡಿನ ಸದಸ್ಯರಿಗಿಂತ ಹತ್ತಿರದವರು ಇಲ್ಲ. ಘಟಕದ ದೂರವಾಣಿ ಸಂಖ್ಯೆಯನ್ನು ಪಂಚಾಯತಿ ಕಚೇರಿಯ ಫಲಕದಲ್ಲಿಯೂ ನೀರುಗಂಟಿಯ ಪುಸ್ತಕದಲ್ಲಿಯೂ ಬರೆಸಿಡುವುದು.